ಬಾಲಂಗೋಚಿಯ ಕೆಂಪು ಪಟ್ಟಿ

ಎಲ್ಲ ರಗಳೆಗೂ ಮೂಲ ಒಂದು ಕೆಂಪು ಬಟ್ಟೆಯ ತುಂಡು. ಯಾರದೋ ಮನೆಯ ಪರದೆ ಹೊಲಿದು ಮಿಕ್ಕಿದ್ದು. ಟೈಲರ್ ಅದನ್ನು ಅಂಗೈಯಗಲಕ್ಕೆ ಕತ್ತರಿಸಿ, ಅಂಚು ಮಡಿಸಿ, ಎರಡು ಸಾಲು ಹೊಲಿಗೆ ಓಡಿಸಿ, ಹೆಗಲಿನಿಂದ ಸೊಂಟಕ್ಕೆ ಓರೆಯಾಗಿ ಇಳಿಯುವ ಹಾಗೆ ಒಂದು ಪಟ್ಟಿ ಮಾಡಿಕೊಂಡಿದ್ದ. ಗಿರಾಕಿಗಳ ಬಟ್ಟೆಗೂ ಅವನು ಅಷ್ಟು ಶ್ರದ್ಧೆ ತೋರಿಸಿದವನಲ್ಲ. ಭಾನುವಾರ ಬೆಳಗ್ಗೆ ಅದನ್ನು ಹಾಕಿಕೊಂಡು ಅಂಗಡಿಯ ಆಳೆತ್ತರದ ಕನ್ನಡಿಯಲ್ಲಿ ಮುಂದಿನಿಂದ ನೋಡಿಕೊಂಡ, ಪಕ್ಕದಿಂದ ನೋಡಿಕೊಂಡ, ಕತ್ತು ಉಳುಕುವಷ್ಟು ತಿರುಗಿಸಿ ಹಿಂದಿನಿಂದಲೂ ನೋಡಿಕೊಂಡ.

"ರೀ, ಸಾಕು. ಕನ್ನಡಿಗೇ ನಾಚಿಕೆ ಆಗುತ್ತೆ," ಎಂದಳು ಹೆಂಡತಿ, ಬುತ್ತಿಯ ಚೀಲವನ್ನು ಅವನ ಕೈಗಿಡುತ್ತ. "ಅಮ್ಮ ಆಗಲೇ ಬಸ್ಸಿನ ಹತ್ತಿರ ನಿಂತಿರ್ತಾಳೆ. ಇವತ್ತಾದರೂ ಎಲ್ಲರಿಗಿಂತ ಮೊದಲು ಹೋಗಿ."

"ಮೊದಲು ಹೋಗೋ ಹಾಗಿಲ್ಲ ಕಣೇ," ಎಂದ ಟೈಲರ್ ಗಂಭೀರವಾಗಿ. "ನನ್ನ ಹುದ್ದೆ ಅಂಥದ್ದು."

ಹುದ್ದೆ! ಆ ಮಾತನ್ನು ಆಡುವಾಗ ಅವನ ನಾಲಿಗೆಗೆ ಸಕ್ಕರೆ ಇಟ್ಟಂತಾಯಿತು. ಏಕೆಂದರೆ ಅವನು ಹುಟ್ಟಿದಾಗಿನಿಂದ ಎಲ್ಲದರಲ್ಲೂ ಕೊನೆಯವನು. ಮನೆಯಲ್ಲಿ ಕೊನೆಯ ಮಗ, ಶಾಲೆಯಲ್ಲಿ ಕೊನೆಯ ಬೆಂಚು. ತನ್ನ ಮದುವೆಗೆ ಕೂಡ ನೆಂಟರೆಲ್ಲ ಬಂದು ಕೂತ ಮೇಲೆ ಬಂದಿದ್ದ. ಯಾರದೋ ಕೋಟಿಗೆ ಗುಂಡಿ ಹಾಕಿ ಮುಗಿದಿರಲಿಲ್ಲ. 'ಊಟಕ್ಕೆ ಮೊದಲಿರಬೇಕು, ಜಗಳಕ್ಕೆ ಹಿಂದಿರಬೇಕು' ಎಂದು ತಿಳಿದವರು ಹೇಳುತ್ತಾರೆ. ಇವನು ಎರಡಕ್ಕೂ ಹಿಂದೆ. ಅಂಥವನಿಗೆ, ಹಿಂದೆ ಇರುವುದೇ ಒಂದು ಹುದ್ದೆಯಾಗಿ ಸಿಕ್ಕಿತ್ತು.

ಕೊಟ್ಟವರು ಬೇರೆ ಯಾರೂ ಅಲ್ಲ, ಅವನ ಅತ್ತೆ.

ಅತ್ತೆ ಒಂದು ಕಾಲದಲ್ಲಿ ಶಾಲೆಯಲ್ಲಿ ಡ್ರಿಲ್ ಟೀಚರು. ಊರಿನ ಅರ್ಧ ಜನ ಚಿಕ್ಕಂದಿನಲ್ಲಿ ಅವರ ಸೀಟಿಗೆ ಬಗ್ಗಿ ಎದ್ದವರೇ. ಕೆಲಸದಿಂದ ನಿವೃತ್ತರಾದರೂ ಸೀಟಿ ನಿವೃತ್ತಿಯಾಗಲಿಲ್ಲ. ಅದೇ ಸೀಟಿಯ ಬಲದಿಂದ ಅವರು ಭಾನುವಾರದ ನಡಿಗೆ ಸಂಘ ಕಟ್ಟಿದ್ದರು. ಬಾಡಿಗೆ ಬಸ್ಸೊಂದು ಸದಸ್ಯರನ್ನೆಲ್ಲ ಊರಾಚೆ ಒಂದು ಕಡೆ ಇಳಿಸುತ್ತಿತ್ತು. ಹೊಲ, ಹಳ್ಳ, ಗುಡ್ಡ ದಾಟಿ ನಡೆದು ಇನ್ನೊಂದು ಕಡೆ ಬಂದು ಅದೇ ಬಸ್ಸು ಹತ್ತುವುದು. ಎಲ್ಲರ ಮುಂದೆ ಅತ್ತೆ, ಬೆನ್ನು ಬಾಗಿಲಿನ ಹಾಗೆ ನೆಟ್ಟಗೆ. ಅವರಿಗಿಂತ ಮುಂದೆ ಹೆಜ್ಜೆ ಇಟ್ಟವರು ಯಾರೂ ಇರಲಿಲ್ಲ. ಅವರ ಸ್ವಂತ ಮಗಳು ಮಾತ್ರ "ಆ ಸೀಟಿ ತೊಟ್ಟಿಲಲ್ಲಿದ್ದಾಗಿಂದ ಕೇಳಿ ಸಾಕಾಗಿದೆ" ಎಂದು ಮನೆಯಲ್ಲೇ ಉಳಿದು, ಬದಲಿಗೆ ಗಂಡನನ್ನು ಕಳಿಸಿದ್ದಳು.

ಕಳೆದ ನಡಿಗೆಯಲ್ಲಿ ಟೈಲರ್‌ಗಾಗಿ ಇಡೀ ಗುಂಪು ಕಾದು ಕಾದು ಸುಸ್ತಾಗಿತ್ತು. ಅವನು ತೇಕುತ್ತ ಬಂದಾಗ ಬೇಕರಿಯವನು ಸುಮ್ಮನಿರಲಾರದೆ, "ಬಂತು ನೋಡಿ ಸಂಘದ ಬಾಲಂಗೋಚಿ!" ಎಂದ. ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ.

"ನಗೋದೇನಿದೆ? ಗಾಳಿಪಟ ನೆಟ್ಟಗೆ ಹಾರಬೇಕಾದ್ರೆ ಬಾಲಂಗೋಚಿ ಬೇಕು," ಎಂದರು. "ಹಿಂದೆ ಯಾರಾದ್ರೂ ಒಬ್ಬರು ಇರಲೇಬೇಕು. ಇವತ್ತಿಂದ ಅದು ಅಳಿಯಂದಿರ ಕೆಲಸ."

ಆಮೇಲೆ ಅವನನ್ನು ಪಕ್ಕಕ್ಕೆ ಕರೆದು ಕೆಲಸ ವಿವರಿಸಿದ್ದರು. "ಗುರುತಿಗೆ ಹೆಗಲ ಮೇಲೆ ಒಂದು ಕೆಂಪು ಪಟ್ಟಿ ಹಾಕ್ಕೊಳ್ಳಿ. ನಿಮ್ಮ ಹಿಂದೆ ಒಂದು ನರಪಿಳ್ಳೆನೂ ಇರಬಾರದು. ದನ ತಪ್ಪಿಸಿಕೊಳ್ಳದ ಹಾಗೆ ದಾಟಿದ ಬೇಲಿ ಗೇಟು ಹಾಕಿಯೇ ಬರಬೇಕು. ಮುಂದಿನ ದಾರೀಲಿ ಗುಡ್ಡದ ಮೇಲೆ ಒಂದು ಹಳೇ ಗೋಪುರ ಬರುತ್ತೆ. ನೀವು ಬಂದು ಸೇರೋವರೆಗೂ ನಾವು ಅಲ್ಲಿಂದ ಕದಲೋದಿಲ್ಲ." ಅಷ್ಟು ಹೇಳಿ, ಅವರಿಗೆ ಒಗ್ಗದ ಮೆತ್ತನೆಯ ದನಿಯಲ್ಲಿ ಸೇರಿಸಿದ್ದರು: "ಇನ್ನೊಂದು ಮಾತು. ಕಾಲು ಸೋತೋರಿಗೆ ತಮ್ಮಿಂದ ತಡ ಆಗ್ತಿದೆ ಅಂತ ಅನ್ನಿಸಬಾರದು. ಲೇಸು ಕಟ್ಟಿಕೊಳ್ಳಿ, ಹಕ್ಕಿ ನೋಡಿ, ನನ್ನ ಮಂಡಿನೇ ನೋಯ್ತಿದೆ ಅನ್ನಿ. ಏನಾದ್ರೂ ಸುಳ್ಳು ಹೇಳಿ. ನಡೆಯೋಕೆ ಆಗದೋರ ಮಾನ ಕಾಯೋದೇ ಬಾಲಂಗೋಚಿ ಕೆಲಸ. ಒಬ್ಬರನ್ನ ಕಳೆದರೂ ಪಟ್ಟಿ ಬೇಕರಿಯವರಿಗೆ ಹೋಗುತ್ತೆ, ನೆನಪಿರಲಿ."

ಬೇಕರಿಯವನಿಗೆ ಪಟ್ಟಿ! ಪ್ರಾಣ ಹೋದರೂ ಪಟ್ಟಿ ಬಿಡಬಾರದು ಎಂದು ಟೈಲರ್ ಅವತ್ತೇ ತೀರ್ಮಾನಿಸಿದ್ದ.

ಆ ಭಾನುವಾರ ನಡಿಗೆ ಚೆನ್ನಾಗಿಯೇ ಶುರುವಾಯಿತು. ಬಿಸಿಲಿತ್ತು, ಸುಡುತ್ತಿರಲಿಲ್ಲ. ಹಾದಿಯ ಎರಡು ಕಡೆ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಹಿಂದೆ ನಡೆಯುವವನಿಗೆ ಕಾಣುವುದು ಬರೀ ಬೆನ್ನುಗಳು. ಟೈಲರ್‌ಗೆ ಅದರಿಂದ ಬೇಸರವೇನಿರಲಿಲ್ಲ. ಮುಖಕ್ಕಿಂತ ಬೆನ್ನೇ ಅವನಿಗೆ ಹೆಚ್ಚು ಪರಿಚಯ. ಈ ಹೆಗಲು ಒಂದು ಬೆರಳು ಇಳಿಜಾರು, ಈ ಸೊಂಟ ಕಳೆದ ವರ್ಷಕ್ಕಿಂತ ಎರಡು ಬೆರಳು ಜಾಸ್ತಿ ಎಂದು ಲೆಕ್ಕ ಹಾಕುತ್ತ, ಬೇಕರಿಯವನ ಪ್ಯಾಂಟಿನ ಹಿಂಬದಿಯನ್ನು ತಾನೇ ಎಷ್ಟು ಸಲ ಬಿಚ್ಚಿ ಸಡಿಲ ಮಾಡಿಕೊಟ್ಟಿದ್ದೆ ಎಂದು ನೆನೆದು ಒಳಗೊಳಗೇ ನಗುತ್ತ ನಡೆದ.

"ಬಾಲಂಗೋಚಿಗಳೇ, ಇದ್ದೀರಾ?" ಎಂದು ಬೇಕರಿಯವನು ಆಗಾಗ ಕೂಗುತ್ತಿದ್ದ.

"ಇದ್ದೀವಿ, ಇದ್ದೀವಿ. ಮುಂದೆ ನೋಡ್ಕೊಂಡು ನಡೀರಿ, ಹೊಲಿಗೆ ಬಿಟ್ಟೀತು!" ಎಂದು ಟೈಲರ್ ಉತ್ತರ ಕೊಡುತ್ತಿದ್ದ. ಹುದ್ದೆ ಬಂದ ಮೇಲೆ ಮಾತಿಗೂ ಧೈರ್ಯ ಬಂದಿತ್ತು.

ಗ್ರಹಚಾರ ಕಾದಿದ್ದು ಮುಳ್ಳುತಂತಿಯ ಬೇಲಿಯ ಹತ್ತಿರ. ಗೇಟು ಹಾಕಲು ತಿರುಗಿದವನ ಪಟ್ಟಿ ತಂತಿಗೆ ಸಿಕ್ಕಿ ಪರ್ರನೆ ಹರಿಯಿತು. ಬೇರೆಯವರಾಗಿದ್ದರೆ ಸಂಜೆ ನೋಡೋಣ ಎಂದು ನಡೆದುಬಿಡುತ್ತಿದ್ದರು. ಆದರೆ ಹರಿದ ಬಟ್ಟೆ ಕಂಡರೆ ಟೈಲರ್‌ಗೆ ಕೈ ಕಡಿತ. ಕಾಲರಿನ ಒಳಗೆ ಸದಾ ಸಿಕ್ಕಿಸಿಕೊಂಡಿರುವ ಸೂಜಿ ದಾರ ತೆಗೆದು, ಹುಲ್ಲಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಎರಡೇ ಎರಡು ಹೊಲಿಗೆ ಎಂದುಕೊಂಡು ಶುರುಮಾಡಿದ. ಎರಡು ಹಾಕಿದ ಮೇಲೆ ಮೂರನೆಯದು ಹಾಕಿದರೆ ಚೆನ್ನ ಅನಿಸಿತು. ಆಮೇಲೆ ಅಂಚೂ ಸರಿಮಾಡೋಣ ಅನಿಸಿತು. ದಾರ ಹಲ್ಲಿನಿಂದ ಕಡಿದು ತಲೆ ಎತ್ತಿದಾಗ ಬೆನ್ನುಗಳೆಲ್ಲ ದಿಬ್ಬದಾಚೆ ಮಾಯವಾಗಿದ್ದವು.

ಮುಳ್ಳಿನ ಹಾದಿ ಮುಗಿಯುವವರೆಗೆ ಬೇಡವೆಂದು ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಎದ್ದ. ಎದ್ದವನು ಸುಮ್ಮನೆ ಒಮ್ಮೆ ಹಿಂದಕ್ಕೆ ನೋಡಿದ. ಬೇಲಿಯ ಆಚೆ, ಕಲ್ಲೊಂದರ ಮೇಲೆ, ಒಬ್ಬ ಮನುಷ್ಯ ಕೂತಿದ್ದ!

ತುಂಬು ಮೈ, ಕೆಂಪೇರಿದ ಮುಖ, ತಲೆಗೆ ಹ್ಯಾಟು, ದಪ್ಪ ಸ್ವೆಟರು. ಆ ದಿನ ಬಸ್ಸಿನಲ್ಲಿ ನಾಲ್ಕಾರು ಜನ ಹೊಸಬರು ಬಂದಿದ್ದರು. ಕೊನೆಯ ಸೀಟಿನಲ್ಲಿ ಕೂತಿದ್ದ ಟೈಲರ್ ಅವರ ತಲೆಯ ಹಿಂಭಾಗ ಬಿಟ್ಟು ಮತ್ತೇನೂ ನೋಡಿರಲಿಲ್ಲ. ಇವರು ಹೊಸ ಸದಸ್ಯರೇ ಸರಿ, ಸುಸ್ತಾಗಿ ಹಿಂದುಳಿದಿದ್ದಾರೆ, ನಾನು ನೋಡದೆ ಮುಂದೆ ಬಂದುಬಿಟ್ಟಿದ್ದೆ ಎಂದುಕೊಂಡು ಅವನಿಗೆ ಬೆವರು ಕಿತ್ತುಕೊಂಡಿತು. ಸ್ವಲ್ಪದರಲ್ಲಿ ಪಟ್ಟಿ ಬೇಕರಿಯವನ ಪಾಲಾಗುತ್ತಿತ್ತು.

"ಆರಾಮಾ ಸಾರ್?" ಎಂದ, ಏನೂ ಆಗದವನ ಹಾಗೆ.

"ಆರಾಮ್, ಆರಾಮ್. ಗಾಳಿ ಚೆನ್ನಾಗಿದೆ ಅಂತ ಕೂತೆ," ಎಂದ ಆ ಮನುಷ್ಯ. "ನೀವು ನಡೀರಿ. ನಾನು ನಿಧಾನವಾಗಿ ಬರ್ತೀನಿ."

ಪಾಪ, ನಡೆಯಲಾಗದಿದ್ದರೂ ಎಂಥ ಸ್ವಾಭಿಮಾನ ಎಂದು ಟೈಲರ್‌ಗೆ ಮೆಚ್ಚುಗೆಯಾಯಿತು. ಅತ್ತೆ ಕಲಿಸಿದ ಹಾಗೆ ಬಗ್ಗಿ ಲೇಸು ಬಿಚ್ಚಿ ಕಟ್ಟತೊಡಗಿದ. ಆ ಮನುಷ್ಯ ಎದ್ದು ಗೇಟಿನವರೆಗೆ ಬಂದ. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಅವನೂ ಬಗ್ಗಿ ತನ್ನ ಲೇಸು ಬಿಚ್ಚಿದ. ಇವನು ಒಂದು ಗಂಟು ಹಾಕಿದರೆ ಅವನು ಎರಡು ಹಾಕಿದ. ಟೈಲರ್ ಇನ್ನೊಂದು ಕಾಲಿನದನ್ನೂ ಬಿಚ್ಚಿದ. ಅವನು ಬೂಟನ್ನೇ ಕಳಚಿ ಕಲ್ಲು ಕೊಡವಿದ.

"ಅಗೋ, ಎಂಥ ಹಕ್ಕಿ!" ಎಂದ ಟೈಲರ್, ಖಾಲಿ ಮರ ತೋರಿಸಿ.

"ಹೌದ್ಹೌದು, ಬಹಳ ಅಪರೂಪದ್ದು!" ಎಂದು ಆ ಮನುಷ್ಯ ಇಲ್ಲದ ಹಕ್ಕಿಯನ್ನು ಕಣ್ಣರಳಿಸಿ ನೋಡುತ್ತ ನಿಂತುಬಿಟ್ಟ. "ನೀವು ನಡೀತಾ ಇರಿ, ನಾನು ಅದು ಹಾರೋವರೆಗೆ ನೋಡ್ತೀನಿ."

ಗೇಟಿನ ಹತ್ತಿರ ಇನ್ನೂ ಫಜೀತಿ. ಟೈಲರ್ ಗೇಟು ತೆರೆದು ಹಿಡಿದು "ಬನ್ನಿ" ಎಂದ. ಆ ಮನುಷ್ಯ ಗೇಟಿನ ಇನ್ನೊಂದು ತುದಿ ಹಿಡಿದು, "ನೀವು ನಡೀರಿ, ನಾನು ಹಾಕ್ತೀನಿ," ಎಂದ.

"ಛೆ, ಛೆ, ದೊಡ್ಡವರು ನೀವು."

"ಗೇಟು ಹಾಕೋದು ನನಗೆ ಅಭ್ಯಾಸ ಸಾರ್."

"ನನಗೂ ಅಭ್ಯಾಸವೇ."

ಹೀಗೆ ಇಬ್ಬರೂ ಗೇಟನ್ನು ಹಿಡಿದುಕೊಂಡು ಮರ್ಯಾದೆಯಲ್ಲಿ ಮುಳುಗಿರುವಾಗ, ಇಷ್ಟು ಹೊತ್ತು ಮೆಲುಕು ಹಾಕುತ್ತ ನೋಡುತ್ತಿದ್ದ ಹಸುವೊಂದು ಇವರಿಬ್ಬರಿಗೂ ಬೇಡವಾದ ದಾರಿ ತನಗಿರಲಿ ಎಂದು ನಡುವೆ ತೂರಿ ಆಚೆಗೆ ಹೋಯಿತು. ಅದನ್ನು ಅಟ್ಟಿ ತರಲು ಬೆವರಿಳಿಯಿತು. ಅದರಲ್ಲೂ ಇಬ್ಬರೂ ಹಸುವಿನ ಹಿಂದೆ ಓಡಿದರೇ ಹೊರತು, ಒಬ್ಬನೂ ಇನ್ನೊಬ್ಬನ ಮುಂದೆ ಓಡಲಿಲ್ಲ.

ಕೊನೆಗೆ ಪಕ್ಕಪಕ್ಕದಲ್ಲೇ ನಡೆಯತೊಡಗಿದರು. ಟೈಲರ್ ಅರ್ಧ ಹೆಜ್ಜೆ ಹಿಂದೆ ಬಿದ್ದರೆ ಆ ಮನುಷ್ಯ ಒಂದು ಹೆಜ್ಜೆ ಹಿಂದೆ ಬೀಳುತ್ತಿದ್ದ. ದಾರಿಯ ಇರುವೆಗಳು ಇವರನ್ನು ದಾಟಿ ಹೋದವು. ಇನ್ನು ಉಳಿದದ್ದು ಅತ್ತೆ ಹೇಳಿಕೊಟ್ಟ ಕೊನೆಯ ಅಸ್ತ್ರ.

"ಅಯ್ಯಪ್ಪಾ, ನನ್ನ ಮಂಡಿ!" ಎಂದ ಟೈಲರ್. "ನನ್ನಿಂದ ನಿಮಗೆ ತಡ. ನೀವು ಮುಂದೆ ಹೋಗಿ."

"ಅಯ್ಯೋ, ನನ್ನದೂ ಮಂಡಿನೇ," ಎಂದ ಅವನು ತಕ್ಷಣ. "ಎರಡೂ."

"ನನಗೆ ಸೊಂಟನೂ ಹಿಡ್ಕೊಂಡಿದೆ."

"ಸೊಂಟದ ಮಾತು ತೆಗೀಬೇಡಿ. ನಾನು ರಾತ್ರಿ ಮಗ್ಗುಲು ಬದಲಾಯಿಸಿ ಎಷ್ಟೋ ಕಾಲ ಆಯ್ತು."

ಹೇಳುತ್ತ ಹೇಳುತ್ತ ಟೈಲರ್‌ಗೆ ನಿಜವಾಗಿಯೂ ಗಾಬರಿಯಾಯಿತು. ಇಷ್ಟು ಕಾಯಿಲೆ ಇರುವವರನ್ನು ಅತ್ತೆ ಹೇಗೆ ಸಂಘಕ್ಕೆ ಸೇರಿಸಿಕೊಂಡರು? ಇವರನ್ನು ಕೂರಿಸಲೇಬೇಕು. ಆದರೆ ಕೂತುಕೊಳ್ಳಿ ಎಂದರೆ ಮಾನ ಹೋಗುತ್ತದೆ. ಅದಕ್ಕೆ ತಾನೇ ಮರವೊಂದಕ್ಕೆ ಒರಗಿ ಎದೆ ಹಿಡಿದುಕೊಂಡ. "ಒಂದೊಂದ್ಸಲ ಹೀಗೇ... ಎದೆ ಹೊಡ್ಕೊಳ್ಳುತ್ತೆ. ಇಬ್ಬರೂ ಸ್ವಲ್ಪ ಕೂರೋಣ."

ಆ ಮನುಷ್ಯನ ಮುಖದ ರಕ್ತವೇ ಇಳಿದುಹೋಯಿತು. ಓಡಿ ಬಂದು ಟೈಲರ್‌ನನ್ನು ಹುಲ್ಲಿನ ಮೇಲೆ ಅಂಗಾತ ಮಲಗಿಸಿ, ಕಾಲರಿನ ಗುಂಡಿ ಬಿಚ್ಚಿ, ಹ್ಯಾಟಿನಿಂದ ಗಾಳಿ ಹಾಕಿದ. ಗಾಳಿ ಹಾಕುವ ರಭಸಕ್ಕೆ ಅವನಿಗೇ ಏದುಸಿರು ಬಂತು. ಅವನ ಏದುಸಿರು ಕೇಳಿ ಟೈಲರ್ ಎದ್ದು ಅವನನ್ನು ಮಲಗಿಸಿದ. "ನೀವು ಏಳಬೇಡಿ!" ಎಂದು ಅವನು ಇವನನ್ನು ಮತ್ತೆ ಕೆಡವಿದ. ಕೊನೆಗೆ ಇಬ್ಬರೂ ಅಂಗಾತ ಮಲಗಿ, ಒಬ್ಬರ ನಾಡಿ ಒಬ್ಬರು ಹಿಡಿದುಕೊಂಡರು.

ಆ ಸ್ಥಿತಿಯಲ್ಲಿ ಅವರನ್ನು ಕಂಡವಳು ಹಾಲಿನ ವ್ಯಾನಿನ ಹೆಂಗಸು. ಕಾಡುದಾರಿಯಲ್ಲಿ ಬಂದು ಗಕ್ಕನೆ ಬ್ರೇಕು ಹಾಕಿ, ಕಿಟಕಿಯಿಂದ ತಲೆ ಹಾಕಿದಳು.

"ಯಾರಿಗ್ರೀ ಹುಷಾರಿಲ್ಲ?"

"ಇವರಿಗೆ!" ಎಂದರು ಇಬ್ಬರೂ, ಒಬ್ಬರನ್ನೊಬ್ಬರು ತೋರಿಸಿ.

ಅವಳು ವಾದ ಕೇಳುವ ಪೈಕಿ ಅಲ್ಲ. ಇಬ್ಬರ ರಟ್ಟೆಯನ್ನೂ ಹಿಡಿದೆತ್ತಿ ಹಾಲಿನ ಕ್ಯಾನುಗಳ ನಡುವೆ ತುರುಕಿ, "ಮೇನ್ ರೋಡಿಗೆ ಬಿಡ್ತೀನಿ. ಅಲ್ಲಿ ಯಾವುದಾದ್ರೂ ಬಸ್ಸು ಸಿಗುತ್ತೆ," ಎಂದು ಬಾಗಿಲು ದಡಾರನೆ ಹಾಕಿದಳು.

ವ್ಯಾನು ಕುಣಿಯಿತು, ಕ್ಯಾನುಗಳು ಕುಣಿದವು, ನಡುವೆ ಇವರೂ ಕುಣಿದರು. ಒಂದು ಗುಂಡಿಯಲ್ಲಿ ವ್ಯಾನು ನೆಗೆದಾಗ ಟೈಲರ್‌ನ ಜೇಬಿನಿಂದ ಕೆಂಪು ಪಟ್ಟಿ ಹೊರಗೆ ಬಿತ್ತು. ಆ ಮನುಷ್ಯ ಅದನ್ನು ನೋಡಿದ. ತುಂಬ ಹೊತ್ತು ನೋಡಿದ. ಆಮೇಲೆ ತನ್ನ ಸ್ವೆಟರನ್ನು ಕುತ್ತಿಗೆವರೆಗೆ ಎತ್ತಿದ. ಒಳಗೆ, ಹೆಗಲಿನಿಂದ ಸೊಂಟಕ್ಕೆ ಓರೆಯಾಗಿ, ಒಂದು ಹಸಿರು ಪಟ್ಟಿ ಇತ್ತು.

"ನೀವು... ನಮ್ಮ ಸಂಘದವರಲ್ಲವಾ?" ಎಂದ ಟೈಲರ್.

"ನಾನು ನದಿಯಾಚೆ ಊರಿನ ಸಂಘದವನು. ಇವತ್ತು ಇದೇ ದಾರೀಲಿ ನಮ್ಮದೂ ನಡಿಗೆ, ನಮ್ಮೋರು ಆಗಲೇ ಹಳ್ಳದ ಕಡೆ ಹೋಗಿದ್ದಾರೆ. ಎಲ್ಲರಿಗಿಂತ ಹಿಂದೆ ನಾನು ಇರಬೇಕು. ಮುಳ್ಳಿಗೆ ಸಿಗದಿರಲಿ ಅಂತ ಪಟ್ಟಿ ಒಳಗೆ ಹಾಕ್ಕೊಂಡಿದ್ದೆ." ಅವನ ದನಿ ಕುಗ್ಗಿತ್ತು. "ನೀವು ಹುಲ್ಲಲ್ಲಿ ಕೂತು ಏನೋ ಹೊಲೀತಾ ಇದ್ರಿ. ನಮ್ಮ ಹೊಸಬರಲ್ಲಿ ಯಾರೋ ಸುಸ್ತಾಗಿ ಕೂತಿದ್ದಾರೆ ಅಂದ್ಕೊಂಡೆ."

"ಹಾಗಾದ್ರೆ ನಿಮ್ಮ ಮಂಡಿ?"

"ಕಲ್ಲಿನ ಹಾಗಿದೆ. ನಿಮ್ಮ ಎದೆ?"

"ಈಗ ಹೊಡ್ಕೊಳ್ತಿದೆ," ಎಂದ ಟೈಲರ್.

ಇಬ್ಬರೂ ನಕ್ಕರು. ಕ್ಯಾನುಗಳಿಗೆ ತಲೆ ಒರಗಿಸಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಇಬ್ಬರ ನಗುವೂ ಒಟ್ಟಿಗೇ ನಿಂತಿತು.

"ನಿಮ್ಮಲ್ಲಿ ಮುಂದೆ ಇರೋದು ಯಾರು?" ಎಂದು ಟೈಲರ್ ಮೆಲ್ಲನೆ ಕೇಳಿದ.

"ನನ್ನ ಹೆಂಡ್ತಿ. ನಿಮ್ಮಲ್ಲಿ?"

"ನನ್ನ ಅತ್ತೆ."

ಇಬ್ಬರೂ ಕೈ ಕುಲುಕಿದರು. ಮುಂದಿನ ತಿರುವಿನಲ್ಲಿ ಹಸಿರು ಪಟ್ಟಿಯವನು ವ್ಯಾನು ನಿಲ್ಲಿಸಿ ಹಳ್ಳದ ಕಡೆಗೆ ಓಡಿದ. ಮಂಡಿ ನಿಜವಾಗಿಯೂ ಗಟ್ಟಿಯಾಗಿತ್ತು.

ಟೈಲರ್ ಮೇನ್ ರೋಡಿನಲ್ಲಿ ಇಳಿದಾಗ ಎದುರಿಗೇ ಸಂಘದ ಬಸ್ಸು. ಇಳಿಯುವ ಮೊದಲು ಅವನು, ಹುದ್ದೆಯ ಗೌರವ ಇರಲಿ ಎಂದು, ಪಟ್ಟಿ ಹಾಕಿಕೊಂಡಿದ್ದ. ಅದೇ ತಪ್ಪಾಯಿತು. ಸೀಟಿನ ಮೇಲೆ ಕಾಲು ಚಾಚಿ ತೂಕಡಿಸುತ್ತಿದ್ದ ಡ್ರೈವರ್ ಕೆಂಪು ಪಟ್ಟಿ ಕಂಡದ್ದೇ ಎದ್ದು ಕೂತು ಇಂಜಿನ್ನು ಶುರುಮಾಡಿದ.

"ಹತ್ತಿ ಸಾರ್, ಹೊರಡೋಣ."

"ಎಲ್ಲಿಗೆ? ಬಸ್ಸು ಖಾಲಿ ಇದೆ!"

"ಅದೆಲ್ಲ ನನಗೆ ಗೊತ್ತಿಲ್ಲ. ಕೆಂಪು ಪಟ್ಟಿಯೋರು ಬಂದ್ರೆ ಎಲ್ಲರೂ ಬಂದ ಹಾಗೆ, ಆಮೇಲೆ ಒಂದು ಕ್ಷಣ ನಿಲ್ಲಿಸಬೇಡ ಅಂತ ಮೇಡಂ ಆರ್ಡರು. ನಾನು ಚಿಕ್ಕೋನಿದ್ದಾಗ ಅವರ ಮಾತು ಮೀರಿ ಒಂದ್ಸಲ ಮೈದಾನ ಸುತ್ತಿದ್ದೀನಿ ಸಾರ್. ಈ ವಯಸ್ಸಲ್ಲಿ ಆಗಲ್ಲ."

"ಮೇಡಂ ಇನ್ನೂ ಗುಡ್ಡದ ಮೇಲಿದ್ದಾರಯ್ಯಾ!"

"ನೀವು ಬಂದಿದ್ದೀರಲ್ಲ?"

"ನಾನು ಬಂದಿಲ್ಲ!"

"ಕಣ್ಣಿಗೆ ಕಾಣ್ತಿದ್ದೀರಿ."

ಟೈಲರ್ ಪಟ್ಟಿಯನ್ನು ಸರ್ರನೆ ಕಿತ್ತು ಜೇಬಿಗೆ ತುರುಕಿದ. "ಈಗ?"

ಡ್ರೈವರ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಯೋಚಿಸಿ, ಇಂಜಿನ್ನು ಆರಿಸಿದ. "ಈಗ ಬಂದಿಲ್ಲ," ಎಂದು ಮತ್ತೆ ಕಾಲು ಚಾಚಿದ.

ಉಳಿದಿದ್ದು ಒಂದೇ ದಾರಿ. ಗುಡ್ಡದ ಹಿಂಬದಿಯ ಕುರಿಹಾದಿಯಲ್ಲಿ ಹತ್ತಿ, ಗೋಪುರದ ಹಿಂದಿನಿಂದ ಬಂದು, ಇಷ್ಟು ಹೊತ್ತು ಹಿಂದೆ ಯಾರಾದರೂ ಉಳಿದಿದ್ದಾರಾ ಎಂದು ಹುಡುಕುತ್ತಿದ್ದೆ ಎನ್ನುವುದು. ಸುಳ್ಳೇನೂ ಅಲ್ಲವಲ್ಲ! ಟೈಲರ್ ಓಡಿದ. ಹೊಲಿಗೆ ಯಂತ್ರದ ಪೆಡಲು ಬಿಟ್ಟರೆ ಬೇರೇನನ್ನೂ ವೇಗವಾಗಿ ತುಳಿದು ಗೊತ್ತಿಲ್ಲದ ಕಾಲುಗಳು ಅವತ್ತು ಗುಡ್ಡ ತುಳಿದವು.

ಅರ್ಧ ಹತ್ತಿದ್ದನೋ ಇಲ್ಲವೋ, ಮೇಲಿನಿಂದ ಮಾತಿನ ಸದ್ದು ಬಂತು. ಪೊದೆಯ ಹಿಂದೆ ಕುಕ್ಕರಿಸಿದ. ಸಂಘವಿಡೀ ಕೆಳಗಿಳಿಯುತ್ತಿತ್ತು! ಮುಂದೆ ಅತ್ತೆ ಇರಲಿಲ್ಲ. ಬೇಕರಿಯವನಿದ್ದ.

"ಇಷ್ಟು ವರ್ಷಕ್ಕೆ ಮೇಡಂ ರೂಲು ಮುರಿದಿದ್ದು ಇದೇ ಮೊದಲು," ಎನ್ನುತ್ತಿದ್ದ ಅವನು ಪಕ್ಕದವರಿಗೆ. "ನೀವೆಲ್ಲ ಇಳೀರಿ, ಅಳಿಯಂದಿರನ್ನ ನಾನೇ ಕರ್ಕೊಂಡು ಬರ್ತೀನಿ ಅಂದ್ರು. ಮುಖ ನೋಡಿದ್ರಾ? ಕೆಂಪಗಾಗಿತ್ತು. ಇವತ್ತು ಟೈಲರ್ ಕತೆ ಮುಗೀತು!"

ಟೈಲರ್‌ಗೆ ಹಾಗೇ ಬಸ್ಸಿಗೆ ಇಳಿದುಬಿಡಲೇ ಅನಿಸಿತು. ಆದರೆ ಮೇಲೆ ಅತ್ತೆ ಒಂಟಿಯಾಗಿ ತನಗಾಗಿ ಕಾಯುತ್ತಿದ್ದಾರೆ. ಬೈಗುಳವೋ ಹೊಡೆತವೋ, ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು ಮೇಲಕ್ಕೇ ಹತ್ತಿದ.

ಗೋಪುರದ ಹಿಂಬದಿಯಿಂದ ಇಣುಕಿದಾಗ ಕಂಡದ್ದು ಒಂದು ಬೆನ್ನು. ಅತ್ತೆ ಕಲ್ಲಿನ ಮೆಟ್ಟಿಲ ಮೇಲೆ ಆ ಕಡೆಗೆ ಮುಖ ಮಾಡಿ ಕೂತಿದ್ದರು. ಊರಿನ ಬೆನ್ನುಗಳನ್ನೆಲ್ಲ ಬಲ್ಲ ಟೈಲರ್‌ಗೆ ಈ ಬೆನ್ನು ಮಾತ್ರ ಅರೆಕ್ಷಣ ಗುರುತು ಹತ್ತಲಿಲ್ಲ. ಅದು ಬಾಗಿತ್ತು. ಒಂದು ಕಾಲಿನ ಬೂಟು ಕಳಚಿ ಪಕ್ಕಕ್ಕಿಟ್ಟು, ಎರಡು ಕೈಯಲ್ಲಿ ಮಂಡಿಯನ್ನು ತಿಕ್ಕಿಕೊಳ್ಳುತ್ತಿದ್ದರು. ಗೋಡೆ ಹಿಡಿದು ಏಳಲು ನೋಡಿದರು. ಅರ್ಧ ಎದ್ದು, "ಅಯ್ಯೋ ಅಮ್ಮಾ" ಎಂದು ಮೆಲ್ಲನೆ ಹೇಳಿಕೊಂಡು ಮತ್ತೆ ಕೂತರು.

ಟೈಲರ್‌ಗೆ ಈಗ ಎಲ್ಲ ಅರ್ಥವಾಯಿತು. ಅವರು ಗುಂಪನ್ನು ಮುಂದೆ ಕಳಿಸಿದ್ದು ಅಳಿಯನಿಗಾಗಿ ಅಲ್ಲ. ತಾವು ಇಳಿಯುವುದನ್ನು ಯಾರೂ ನೋಡಬಾರದೆಂದು. ಕಾಣೆಯಾದ ಅಳಿಯ ಒಂದು ನೆಪವಾಗಿ ಒದಗಿದ್ದ, ಅಷ್ಟೇ. ಇಷ್ಟು ವರ್ಷ ಹೆದರಿದ್ದ ಆ ಹೆಂಗಸಿನ ಮೇಲೆ ಅವನಿಗೆ ಇದ್ದಕ್ಕಿದ್ದ ಹಾಗೆ ಮಮತೆ ಉಕ್ಕಿತು. ಹೋಗಿ ಕೈಹಿಡಿದು ಎಬ್ಬಿಸಬೇಕು ಅನಿಸಿತು. ಎಬ್ಬಿಸಲಿಲ್ಲ.

ಸದ್ದಿಲ್ಲದೆ ಹಿಂದಕ್ಕೆ ಇಳಿದು, ಪಟ್ಟಿ ಹಾಕಿಕೊಂಡು, ಸತ್ತವರೂ ಎದ್ದು ಕೂರುವ ಹಾಗೆ ಕೆಮ್ಮಿದ. ಕಲ್ಲುಗಳನ್ನು ಒದ್ದು ಉರುಳಿಸುತ್ತ, "ಅಮ್ಮಾ, ಅಪ್ಪಾ" ಎನ್ನುತ್ತ, ಬೇಕೆಂದೇ ಹೊತ್ತು ಮಾಡಿಕೊಂಡು ಹತ್ತಿದ. ಅವನು ಗೋಪುರ ಬಳಸಿ ಕುಂಟುತ್ತ ಬರುವಷ್ಟರಲ್ಲಿ ಅತ್ತೆಯ ಕಾಲಲ್ಲಿ ಬೂಟಿತ್ತು. ಬೆನ್ನು ಬಾಗಿಲಿನ ಹಾಗೆ ನೆಟ್ಟಗಿತ್ತು. ಒಂದು ಕೈ ಮಾತ್ರ ಗೋಡೆಯ ಮೇಲಿತ್ತು.

"ಏನು ಅಳಿಯಂದಿರೇ, ಹೊತ್ತು ಗೊತ್ತು ಏನಾದ್ರೂ ಇದೆಯಾ?"

"ತಪ್ಪಾಯ್ತು ಅತ್ತೆ. ಮಂಡಿ. ಹೆಜ್ಜೆ ಎತ್ತಿಡೋಕೆ ಆಗ್ತಿಲ್ಲ."

"ನಿಮ್ಮ ವಯಸ್ಸಿಗೆ ಮಂಡಿ ನೋವಾ? ದಿನವಿಡೀ ಕೂತರೆ ಇನ್ನೇನಾಗುತ್ತೆ! ಬೆಳಗ್ಗೆದ್ದು ನಾಲ್ಕು ಬಸ್ಕಿ ಹೊಡೀರಿ ಅಂತ ಮದುವೆ ಆದಾಗಿಂದ ಹೇಳ್ತಿದ್ದೀನಿ." ಬೈಗುಳ ಧಾರಾಳವಾಗಿ ಬಂತು. ಆದರೆ ಕೊನೆಗೆ, "ಸರಿ, ಬನ್ನಿ ಇಲ್ಲಿ. ನಾನು ಹಿಡ್ಕೊಳ್ತೀನಿ," ಎಂದು ಅವನ ಹೆಗಲ ಮೇಲೆ ಕೈ ಹಾಕಿದರು.

ಹಿಡಿದುಕೊಂಡರು ಅನ್ನುವುದೇನೋ ನಿಜ. ಭಾರವೆಲ್ಲ ಯಾರ ಮೇಲೆ ಬಿತ್ತು ಎಂಬುದು ಟೈಲರ್‌ನ ಹೆಗಲಿಗೆ ಗೊತ್ತು. ಇಳಿಜಾರು ಬಂದಲ್ಲೆಲ್ಲ ಅವನು "ಅಯ್ಯೋ" ಎಂದು ನಿಂತ. ಕಡಿದಾದ ಕಡೆ ಲೇಸು ಕಟ್ಟಿಕೊಂಡ. ಅತ್ತೆಯ ಉಸಿರು ಜೋರಾದಾಗ ಹಕ್ಕಿ ತೋರಿಸಿದ. ಈ ಸಲ ಮರದಲ್ಲಿ ನಿಜವಾಗಿಯೂ ಒಂದಿತ್ತು. ಹುದ್ದೆ ಅಂದರೆ ಇದು ಎಂದು ಅವನ ಎದೆಯುಬ್ಬಿತು. ಅತ್ತೆ ದಾರಿಯುದ್ದಕ್ಕೂ "ಇಷ್ಟು ನಿಧಾನ ಆದ್ರೆ ಹೇಗೆ?" ಎಂದು ಗೊಣಗುತ್ತ, ಅವನಿಗಿಂತ ನಿಧಾನವಾಗಿ ಇಳಿದರು.

ಬಸ್ಸಿನ ಬಳಿ ಇಡೀ ಸಂಘ ಬಯಲಾಟ ನೋಡಲು ಬಂದವರ ಹಾಗೆ ಕಾದು ನಿಂತಿತ್ತು, ಹುರಿಗಡಲೆ ಇಲ್ಲದ್ದೊಂದೇ ಕೊರತೆ.

"ಏನಾಯ್ತು ಮೇಡಂ?" ಎಂದ ಬೇಕರಿಯವನು, ಕಣ್ಣರಳಿಸಿ.

ಅತ್ತೆ ಬಾಯಿ ತೆರೆಯುವ ಮೊದಲೇ ಟೈಲರ್ ಹೇಳಿಬಿಟ್ಟ: "ನನ್ನಿಂದಲೇ ತಡ. ನನಗೆ ಮಂಡಿ ನೋವು. ಅತ್ತೆ ಇಲ್ಲದಿದ್ರೆ ನಾನು ಇವತ್ತು ಇಳೀತಾನೇ ಇರಲಿಲ್ಲ."

ನಗುವಿನ ಅಲೆಯೆದ್ದಿತು. ಒಬ್ಬರು ಎಣ್ಣೆ ತಿಕ್ಕಿ ಅಂದರು, ಇನ್ನೊಬ್ಬರು ಬಿಸಿನೀರು ಅಂದರು. "ಬಾಲಂಗೋಚಿಗೇ ಬಾಲಂಗೋಚಿ ಬೇಕಾಯ್ತಲ್ಲಪ್ಪಾ!" ಎಂದು ಬೇಕರಿಯವನು ಹೊಟ್ಟೆ ಹಿಡಿದುಕೊಂಡ. ಟೈಲರ್ ಎಲ್ಲವನ್ನೂ ಸಂತೋಷವಾಗಿ ನುಂಗಿಕೊಂಡ. ಹೇಗೂ ಯಾರೂ ಕಳೆದುಹೋಗಿಲ್ಲ, ಪಟ್ಟಿಗೇನೂ ಭಯವಿಲ್ಲ.

ಆಗ ಅತ್ತೆಯ ಸೀಟಿ ಕೂಗಿತು. ಗುಂಪು ತೆಪ್ಪಗಾಯಿತು.

"ನಗೋದಲ್ಲ. ತಪ್ಪು ನನ್ನದು," ಎಂದರು ಅತ್ತೆ. "ಮಂಡಿ ನೋವಿರೋರನ್ನ ಹಿಂದೆ ಹಾಕಿದ್ದು ನಾನು. ಹಿಂದೆ ಇರೋರಿಗೆ ಕಾಲು ಗಟ್ಟಿ ಇರಬೇಕು. ಇನ್ಮೇಲೆ ಹಿಂದೆ ನಾನೇ ಬರ್ತೀನಿ. ಎಷ್ಟು ಹೊತ್ತಾದ್ರೂ ಪರವಾಗಿಲ್ಲ, ಯಾರೂ ನನಗೆ ಕಾಯಬೇಕಾಗಿಲ್ಲ. ಅಳಿಯಂದಿರೇ, ಪಟ್ಟಿ ಕೊಡಿ."

ಟೈಲರ್ ಬಾಯಿ ತೆರೆದ. ನನಗೆ ಮಂಡಿ ನೋವಿಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅತ್ತೆಯ ಕಡೆ ನೋಡಿದ. ಅವರ ಕೈ ಬಸ್ಸಿನ ಬಾಗಿಲಿನ ಸರಳನ್ನು ಬಿಗಿಯಾಗಿ ಹಿಡಿದಿತ್ತು. ಬಾಯಿ ಮುಚ್ಚಿ, ಪಟ್ಟಿ ತೆಗೆದು ಕೊಟ್ಟ.

"ಹಾಗಾದ್ರೆ ಮುಂದೆ ಯಾರು ಮೇಡಂ?" ಎಂದು ಬೇಕರಿಯವನು ಎದೆ ಸೆಟೆಸಿ ಒಂದು ಹೆಜ್ಜೆ ಮುಂದೆ ಬಂದ.

"ಅಳಿಯಂದಿರೇ ಇರಲಿ. ನಿಧಾನದೋರು ಮುಂದಿದ್ರೆ ಯಾರೂ ಹಿಂದೆ ಬೀಳಲ್ಲ," ಎಂದು ಅತ್ತೆ ಸೀಟಿಯನ್ನು ಬಿಚ್ಚಿ ಟೈಲರ್‌ನ ಕೊರಳಿಗೆ ಹಾಕಿದರು. "ನಸುಕಿಗೇ ಎದ್ದು ಎಲ್ಲರಿಗಿಂತ ಮೊದಲು ಬಸ್ಸಿನ ಹತ್ತಿರ ಇರಬೇಕು. ದಾರಿನೂ ನೀವೇ ಹುಡುಕಬೇಕು."

ಚಪ್ಪಾಳೆ ಬಿತ್ತು. ಹುಟ್ಟಿದಾಗಿನಿಂದ ಒಂದು ದಾರಿಯನ್ನೂ ತಾನಾಗಿ ಹುಡುಕದೆ ಮುಂದಿನವರ ಬೆನ್ನು ನೋಡಿಕೊಂಡೇ ನಡೆದ ಮನುಷ್ಯ, ಡ್ರೈವರಿನ ಪಕ್ಕದ ಮೊದಲ ಸೀಟಿನಲ್ಲಿ ಹೋಗಿ ಕುಸಿದ. ಎದುರಿಗೆ ಬೆನ್ನೊಂದೂ ಇರಲಿಲ್ಲ. ಬರೀ ಗಾಜು, ಅದರಾಚೆ ರಸ್ತೆ.

"ಸಾರ್," ಎಂದ ಡ್ರೈವರ್ ಪಿಸುದನಿಯಲ್ಲಿ, "ಈಗ ನೀವು ಬಂದಿದ್ದೀರಾ, ಬಂದಿಲ್ವಾ?"

ಟೈಲರ್ ಕೊರಳಿನ ಸೀಟಿಯನ್ನು ಮುಟ್ಟಿ ನೋಡಿಕೊಂಡ. ಅತ್ತೆ ಎಲ್ಲರಿಗಿಂತ ಕೊನೆಗೆ ಬಸ್ಸು ಹತ್ತಿದರು, ಕೆಂಪು ಪಟ್ಟಿ ಹೆಗಲ ಮೇಲೆ, ಮುಖದಲ್ಲಿ ಎಷ್ಟೋ ದಿನದಿಂದ ಕಾಣದಿದ್ದ ನೆಮ್ಮದಿ. ಹಿಂದಿನ ಸೀಟಿಗೆ ಹೋಗುವ ಮೊದಲು ಅವನ ಪಕ್ಕ ಒಂದು ಗಳಿಗೆ ನಿಂತು, ಬೇರೆ ಯಾರಿಗೂ ಕೇಳದ ಹಾಗೆ ಬಗ್ಗಿ ಹೇಳಿದರು:

"ಅಳಿಯಂದಿರೇ, ಗೋಪುರದ ಹತ್ತಿರ ಎಡಗಾಲು ಕುಂಟ್ತಾ ಇದ್ರಿ, ಬಸ್ಸಿನ ಹತ್ತಿರ ಬಲಗಾಲು. ಮುಂದಿನ ನಡಿಗೆಯೊಳಗೆ ನೋವು ಯಾವ ಕಾಲಿಗೆ ಅಂತ ಗಟ್ಟಿ ಮಾಡ್ಕೊಳ್ಳಿ."